ಎರಡು ಬೆರಳಿನ ತಿರುವು

ನಮ್ಮೂರಿನಲ್ಲಿ ಯಾರೂ ನೆಲ ಮೆಟ್ಟುವುದಿಲ್ಲ. ನೆಲ ಇಲ್ಲವೆಂದಲ್ಲ. ಅಲ್ಲಿ ದನ ಮೇಯುತ್ತವೆ, ಕೋಳಿ ಕೆದಕುತ್ತವೆ, ಕುಂಬಳದ ಬಳ್ಳಿ ತನ್ನಷ್ಟಕ್ಕೆ ಹಬ್ಬಿ ಕಾಯಿ ಬಿಡುತ್ತದೆ. ಮನುಷ್ಯರಾಗಿ ಹುಟ್ಟಿದವರು ಮಾತ್ರ ಗೋಡೆಗಳ ಮೇಲೆ ಓಡಾಡುತ್ತಾರೆ. ಗೋಡೆ ಆಳೆತ್ತರ, ಅದರ ನೆತ್ತಿಯ ಅಗಲ ಒಂದು ಗೇಣು. ಮನೆಯಿಂದ ಬಾವಿಗೆ, ಬಾವಿಯಿಂದ ಸಂತೆಕಟ್ಟೆಗೆ, ಅಲ್ಲಿಂದ ಚಾವಡಿಗೆ, ಎಲ್ಲಕ್ಕೂ ಗೋಡೆಯೇ ದಾರಿ. ಎದುರಿಗೆ ಯಾರಾದರೂ ಬಂದರೆ ಕಿರಿಯರು ಕುಕ್ಕರಗಾಲಿನಲ್ಲಿ ಕೂರಬೇಕು, ಹಿರಿಯರು ಅವರನ್ನು ದಾಟಿ ಹೋಗಬೇಕು. ಹಾಗಾಗಿ ನಮ್ಮಲ್ಲಿ ವಯಸ್ಸು ಮುಚ್ಚಿಡುವ ಹೆಂಗಸರು ಕಡಿಮೆ. ದಿನಕ್ಕೆ ಮೂವತ್ತು ಸಲ ಕೂತು ಎದ್ದು ಮಂಡಿ ನೋಯಿಸಿಕೊಳ್ಳುವುದಕ್ಕಿಂತ ಎರಡು ವರ್ಷ ಹೆಚ್ಚು ಹೇಳುವುದೇ ಮೇಲು.

ಬಿದ್ದವರು ಬಿದ್ದಲ್ಲೇ ಕೂತಿರಬೇಕು. ಏಣಿಯವರು ಬಂದು ಪಾದ ತೊಳೆದು ಮೇಲೆ ಹತ್ತಿಸುತ್ತಾರೆ. ಆಮೇಲೆ ಅವರ ಹೆಸರು ಚಾವಡಿಯ ಕರಿಹಲಗೆಯ ಮೇಲೆ ಎಂಟು ದಿನ ಇರುತ್ತದೆ. ನಮ್ಮ ಅಧ್ಯಕ್ಷ ಉಗ್ರಪ್ಪ ನನಗೆ ಗೊತ್ತಿದ್ದಂತೆ ನಾಲ್ಕು ಸಲ ಬಿದ್ದಿದ್ದಾನೆ, ಅದರಲ್ಲಿ ಒಮ್ಮೆ ಎಮ್ಮೆಯ ಮೇಲೆ. ಅವನ ಹೆಸರು ಹಲಗೆಗೆ ಏರಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಸೀಮೆಸುಣ್ಣ ಅವನ ಜೇಬಿನಲ್ಲಿರುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಬೇರೆ ಕಡೆ ಗಾದೆ, ನಮ್ಮಲ್ಲಿ ಆಡಳಿತ.

ನಾನು ಅಕ್ಕಯ್ಯಮ್ಮ, ಇಲ್ಲಿನ ನಡಿಗೆ ಶಾಲೆಯ ಟೀಚರು. ಇಪ್ಪತ್ತೈದು ವರ್ಷದಿಂದ ಈ ಊರಿನ ಮಕ್ಕಳಿಗೆ ಗೋಡೆಯ ಮೇಲೆ ನಡೆಯುವುದನ್ನು ಕಲಿಸುತ್ತಿದ್ದೇನೆ. ಉಗ್ರಪ್ಪನೂ ಮೂಗು ಸುರಿಸಿಕೊಂಡು ನನ್ನ ಸೆರಗು ಹಿಡಿದು ಕಲಿತವನೇ. ಮಗುವಿಗೆ ಏಳು ತುಂಬಿದ ದಿನ ಅದು ಬಾವಿಕಟ್ಟೆಯಿಂದ ಚಾವಡಿಯವರೆಗೆ ಒಂಟಿಯಾಗಿ ನಡೆದು ತೋರಿಸಬೇಕು. ಅದಕ್ಕೆ ಏಳರ ನಡಿಗೆ ಎನ್ನುತ್ತೇವೆ. ತೋರಿಸಲಾರದ ಮಗುವನ್ನು ಬುಟ್ಟಿಗೆ ಬರೆಯುತ್ತಾರೆ. ಎಂದರೆ ಸಾಯುವವರೆಗೆ ಅದನ್ನು ಇಬ್ಬರು ಬುಟ್ಟಿಯಲ್ಲಿ ಕೂರಿಸಿ ಹೊರುತ್ತಾರೆ, ಅವರಿಗೆ ಬಿಡುವಾದಾಗ, ಅವರಿಗೆ ಬೇಕಾದ ಕಡೆಗೆ. ನನ್ನ ಕಾಲದಲ್ಲಿ ಒಂದು ಮಗುವೂ ಬುಟ್ಟಿಗೆ ಹೋಗಿಲ್ಲ. ನಾನೇ ಕೂದಲೆಳೆಯಲ್ಲಿ ತಪ್ಪಿಸಿಕೊಂಡವಳು. ನನಗೆ ನಡಿಗೆ ಬಂದದ್ದು ಏಳು ತುಂಬಲು ಮೂರು ದಿನ ಉಳಿದಾಗ. ಅಲ್ಲಿಂದ ನಲವತ್ತಾರರವರೆಗೆ ಒಂದು ಸಲವೂ ಬಿದ್ದವಳಲ್ಲ.

ನನ್ನ ನಡಿಗೆ ನಿಧಾನ, ಮಾತೂ ನಿಧಾನ. ಒಂದೊಂದು ಪದವನ್ನೂ ಬಿಡಿಸಿ ಇಟ್ಟಂತೆ ಆಡುತ್ತೇನೆ. ಅದನ್ನು ಊರು ಟೀಚರಮ್ಮನ ಗಾಂಭೀರ್ಯ ಎಂದು ಹೊಗಳುತ್ತಿತ್ತು. ಗೋಡೆ ತಿರುಗುವ ಮೂಲೆಗಳಲ್ಲಿ ಸೊಂಟದೆತ್ತರದ ಕಲ್ಲುಗೂಟಗಳಿವೆ. ಹಿಂದೆ ದೀಪ ಇಡಲು ನೆಟ್ಟವು. ಮೂಲೆಗೆ ಬಂದಾಗ ನಾನು ನಿಲ್ಲುತ್ತೇನೆ, ಗೂಟದ ಮೇಲೆ ಎರಡು ಬೆರಳು ಇಡುತ್ತೇನೆ, ಒಂದು ಉಸಿರು ಬಿಟ್ಟು ಆಮೇಲೆ ತಿರುಗುತ್ತೇನೆ. ಮಕ್ಕಳಿಗೂ ಹಾಗೇ ಕಲಿಸಿದೆ. ಮಕ್ಕಳು ದೊಡ್ಡವರಾದರು, ಅದು ಊರಿನ ಮರ್ಯಾದೆಯಾಯಿತು. ಹೊಸ ಸೊಸೆ ಬಂದರೆ ಅತ್ತೆ ಮೊದಲು ನೋಡುವುದು ಅವಳು ಮೂಲೆಯಲ್ಲಿ ಎರಡು ಬೆರಳು ಇಡುತ್ತಾಳೋ ಇಲ್ಲವೋ ಎಂದು. ಇಡದೆ ತಿರುಗುವವರನ್ನು ಹೆತ್ತವರು ಕಲಿಸದ ಮಂದಿ ಎನ್ನುತ್ತಿದ್ದರು.

ಹೀಗೆ ನೆಮ್ಮದಿಯಾಗಿದ್ದಾಗ ಆಸ್ಪತ್ರೆಗೆ ತಲೆಯೊಳಗಿನ ಚಿತ್ರ ತೆಗೆಯುವ ಯಂತ್ರ ಬಂತು. ಹದಿನೆಂಟು ಜನ ಸಾಲಾಗಿ ನಿಂತು ಅದನ್ನು ಗೋಡೆಯ ಮೇಲೆ ಹೊತ್ತು ತಂದರು. ತಂದ ಮೇಲೆ ಉದ್ಘಾಟನೆ ಆಗಬೇಕಲ್ಲ, ಅದಕ್ಕೊಂದು ತಲೆ ಬೇಕು. ಅಧ್ಯಕ್ಷರ ತಲೆಯೇ ಆಗಲಿ ಎಂದು ಯಾರೋ ಅಂದರು. ಉಗ್ರಪ್ಪನಿಗೆ ಇದ್ದಕ್ಕಿದ್ದಂತೆ ವಿನಯ ಉಕ್ಕಿಬಂತು. "ನನ್ ತಲೇಲಿ ಏನಿದೆ ಬಿಡ್ರಪ್ಪ. ನಮ್ ಅಕ್ಕಯ್ಯಮ್ಮ ಟೀಚರ್ ತಲೆ ತೆಗೀರಿ. ಈ ಊರಲ್ಲಿ ಒಂದ್ ಸಲಾನೂ ಬೀಳದ ತಲೆ ಅದು. ಚಿತ್ರಕ್ಕೆ ಕಟ್ಟು ಹಾಕ್ಸಿ ಚಾವಡೀಲಿ ತೂಗು ಹಾಕೋಣ, ಮಕ್ಕಳು ನೋಡಿ ಕಲೀಲಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ರೇಷ್ಮೆ ಸೀರೆ ಉಟ್ಟುಕೊಂಡೇ ಹೋಗಿ ಯಂತ್ರದೊಳಗೆ ಮಲಗಿದೆ.

ಡಾಕ್ಟರ್ ಪದ್ಮರಾಜಯ್ಯ ಒಳ್ಳೆಯ ಮನುಷ್ಯ, ಆದರೆ ಅವರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಚಿತ್ರ ನೋಡಿದರು, ಯಂತ್ರದ ಬೆನ್ನಿಗೆ ಎರಡು ಗುದ್ದು ಕೊಟ್ಟರು, ಇನ್ನೊಂದು ಚಿತ್ರ ತೆಗೆದರು. ಮೂರನೆಯದನ್ನು ತೆಗೆದ ಮೇಲೆ ಕನ್ನಡಕ ಒರೆಸುತ್ತಾ, "ಟೀಚರ್, ಹಿಂದುಗಡೆ ಸ್ವಲ್ಪ ಕಡಿಮೆ ಇದೆ" ಎಂದರು. ಎಷ್ಟು ಕಡಿಮೆ ಎಂದು ಕೇಳಿದೆ. "ಅಂದ್ರೆ, ಪೂರ್ತಿ." ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ತಲೆಯ ಹಿಂಭಾಗದಲ್ಲಿ, ಕುತ್ತಿಗೆಯ ಮೇಲೆ, ಎಲ್ಲರಿಗೂ ಕಿರುಮೆದುಳು ಅಂತ ಒಂದಿರುತ್ತದೆ. ಗಾತ್ರ ಸಣ್ಣದು, ಕೆಲಸ ದೊಡ್ಡದು. ನಿಲ್ಲುವುದು, ನಡೆಯುವುದು, ಬೀಳದೆ ತಿರುಗುವುದು ಎಲ್ಲ ಅದರ ಪಾಲು. ನನಗೆ ಆ ಜಾಗದಲ್ಲಿ ಬರೀ ನೀರು.

"ಯಾವಾಗ ಹೋಯ್ತು ಅದು?" ಎಂದೆ. "ಹೋಗಿಲ್ಲ ಟೀಚರ್. ಬಂದೇ ಇಲ್ಲ. ನೀವು ಹುಟ್ಟಿದ್ದೇ ಹೀಗೆ." "ಹಾಗಾದ್ರೆ ನಾನು ನಡೆಯೋದು ಯಾವುದರಿಂದ?" ಡಾಕ್ಟರು ಪುಸ್ತಕ ತೆಗೆದರು, ಹಾಳೆ ತಿರುವಿದರು, ಮುಚ್ಚಿದರು. "ಮಿಕ್ಕ ಮೆದುಳು ಹೇಗೋ ಆ ಕೆಲಸ ಕಲಿತಿರಬಹುದು. ಪುಸ್ತಕ ನೋಡಿದ್ರೆ ನೀವು ಇಷ್ಟು ಚೆನ್ನಾಗಿ ನಡೆಯೋ ಹಾಗಿಲ್ಲ." "ಹಾಗಾದ್ರೆ ಇಲ್ಲಿಗೆ ಬಂದಿದ್ದು ಹೇಗೆ ಡಾಕ್ಟ್ರೇ?" ಅವರು ಬಾಗಿಲ ಕಡೆ ನೋಡಿದರು, ಬುಟ್ಟಿಯಲ್ಲಿ ಬಂದಿರಬಹುದೇ ಎಂಬಂತೆ. ಹೊರಗೆ ಬ್ಯಾಂಡಿನವರು ಶುರುಮಾಡಿಬಿಟ್ಟಿದ್ದರು.

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಗೋಡೆಯ ಮೇಲೇ ಬದುಕುವ ಊರಿನ ಗತಿ ಕೇಳಬೇಕೆ? ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ದಾರಿಯಲ್ಲಿ ಎದುರಾದವರೆಲ್ಲ ಕೂತರು. ನನಗಿಂತ ಹತ್ತು ವರ್ಷ ದೊಡ್ಡವರೂ ಕೂತರು. ಮರ್ಯಾದೆಗಲ್ಲ, ನಾನು ಅವರ ಮೇಲೆ ಬಿದ್ದರೆ ಎಂಬ ಭಯಕ್ಕೆ. ಮಾರನೆಯ ದಿನದಿಂದ ಎಲ್ಲರಿಗೂ ನೆನಪು ಬರತೊಡಗಿತು. "ನಾನು ಅವತ್ತೇ ಅಂದ್ಕೊಂಡೆ, ಆವಮ್ಮ ಮೂಲೇಲಿ ನಿಂತಾಗ ಕಣ್ಣು ಒಂಥರಾ ಇರುತ್ತೆ" ಎಂದಳು ಪಕ್ಕದ ಮನೆಯವಳು. ನಿನ್ನೆಯವರೆಗಿನ ಗಾಂಭೀರ್ಯ ಇವತ್ತು ನಾಲಿಗೆಯ ತೊದಲಾಯಿತು. ಮದುವೆಗೆ ಬಂದ ಮೂರು ಗಂಡುಗಳನ್ನು ನಾನು ಬೇಡವೆಂದದ್ದಕ್ಕೂ ಕಾರಣ ಸಿಕ್ಕಿತು. ಆನೆ ಬಿದ್ದರೆ ಆಳಿಗೊಂದು ಕಲ್ಲು, ಸರಿ. ಆದರೆ ನಾನಿನ್ನೂ ಬಿದ್ದಿರಲೇ ಇಲ್ಲ.

ಮೂರನೆಯ ದಿನ ಉಗ್ರಪ್ಪನ ಊರ ಸಮಿತಿಯ ಪತ್ರ ಬಂತು. ನನ್ನ ದೀರ್ಘ ಸೇವೆಯನ್ನು ಕೊಂಡಾಡಿ, ನನಗೆ ಒಂದು ಹೊಚ್ಚ ಹೊಸ ಬುಟ್ಟಿಯನ್ನೂ ಹೊರುವವರಿಬ್ಬರನ್ನೂ ಕೊಡಲಾಗಿದೆ, ಇನ್ನು ಮುಂದೆ ಸ್ವತಃ ನಡೆಯಬಾರದು ಎಂದಿತ್ತು. ಶಾಲೆಗೆ ಉಗ್ರಪ್ಪನ ಬಾಮೈದ ಮರಿಸ್ವಾಮಿ ಬಂದ. ಅವನ ತಲೆಯ ಚಿತ್ರವನ್ನೂ ತೆಗೆದರು. ಹಿಂಭಾಗ ಹೂಕೋಸಿನಷ್ಟು ದಟ್ಟವಾಗಿತ್ತಂತೆ. ಅದಕ್ಕೇ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗು ಹಾಕಿದರು.

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಮೂಲೆಯಲ್ಲಿ ಎರಡು ಬೆರಳು ಇಡುವ ಪದ್ಧತಿಯು ರೋಗಮೂಲದ್ದೆಂದು ತಿಳಿದುಬಂದಿರುವುದರಿಂದ, ಆರೋಗ್ಯವಂತ ನಾಗರಿಕರು ಯಾರೂ ಇನ್ನು ಗೂಟ ಮುಟ್ಟತಕ್ಕದ್ದಲ್ಲ. ಗೂಟಗಳಿಗೆಲ್ಲ ಸುಣ್ಣ ಬಳಿಸಿದರು, ಮುಟ್ಟಿದವರ ಬೆರಳು ಬೆಳ್ಳಗಾಗಿ ಸಿಕ್ಕಿಬೀಳಲಿ ಎಂದು. ಮೊದಲ ವಾರ ಹತ್ತೊಂಬತ್ತು ಜನ ಮೂಲೆಗಳಲ್ಲಿ ಬಿದ್ದರು. ಎರಡನೆಯ ವಾರ ನಲವತ್ತು. ಪುರೋಹಿತರು ಹಯಗ್ರೀವದ ಪಾತ್ರೆ ಸಮೇತ ಬಿದ್ದರು. ಹಲಗೆಯ ಮೇಲೆ ಜಾಗ ಸಾಲದೆ ಇನ್ನೊಂದು ಹಲಗೆ ಮಾಡಿಸಿದರು. ಬರಬರುತ್ತಾ ಹಲಗೆಯ ಮೇಲೆ ಹೆಸರಿಲ್ಲದವರೇ ಮುಖ ಮುಚ್ಚಿಕೊಂಡು ಓಡಾಡುವಂತಾಯಿತು. ಇದೆಲ್ಲ ಅಕ್ಕಯ್ಯಮ್ಮ ಇಷ್ಟು ವರ್ಷ ಕೊಟ್ಟ ಕೆಟ್ಟ ಅಭ್ಯಾಸದ ಉಳಿಕೆ, ಮೈಯಿಂದ ಇಳಿಯಲು ಕಾಲ ಬೇಕು ಎಂದು ಸಮಿತಿ ಹೇಳಿತು. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆ, ಇವರು ಟೀಚರ್ ಡೊಂಕು ಅಂದರು.

ನಾನು ನಗಬಹುದಿತ್ತು. ನಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾನೂ ಬಿದ್ದಿದ್ದೆ.

ಆದದ್ದು ಹೀಗೆ. ಒಂದು ಬೆಳಿಗ್ಗೆ ಹೊರುವವರು ಬರುವ ಮೊದಲು ಹಿತ್ತಲ ಗೋಡೆಯ ಮೇಲೆ ಹೋಗಿ ನುಗ್ಗೆಕಾಯಿ ಕಿತ್ತು ತರೋಣವೆಂದು ಹೊರಟೆ. ಸಾವಿರ ಸಲ ಓಡಾಡಿದ ಗೋಡೆ. ನಾಲ್ಕು ಹೆಜ್ಜೆ ಹೋದವಳಿಗೆ ತಲೆಯ ಹಿಂದೆ ನೀರು ತುಳುಕಿದಂತಾಯಿತು. ತುಳುಕಿರಲಾರದು, ನನಗೂ ಗೊತ್ತು. ಆದರೆ ಒಮ್ಮೆ ಅಲ್ಲಿ ನೀರಿದೆ ಎಂದು ಗೊತ್ತಾದ ಮೇಲೆ ಕಿವಿ ಅದನ್ನೇ ಕೇಳುತ್ತದೆ. ಯಾವುದರಿಂದ ನಡೆಯುತ್ತಿದ್ದೇನೆ ಎಂದು ಯೋಚಿಸಿದೆ. ಉತ್ತರ ಸಿಗಲಿಲ್ಲ, ಹೆಜ್ಜೆ ತಪ್ಪಿತು. ಮುಂದಿನ ಗಳಿಗೆಯಲ್ಲಿ ಕೋಳಿಗಳ ನಡುವೆ ಕೂತಿದ್ದೆ. ಮೂವತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ ನನ್ನ ಪಾದಕ್ಕೆ ಮಣ್ಣು ತಾಗಿತು, ಅದು ಬೆಚ್ಚಗಿತ್ತು. ನನಗೆ ನೋವಾಗಿರಲಿಲ್ಲ, ನಾಚಿಕೆಯಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ನನ್ನದು ಮೂರು ನುಗ್ಗೆಕಾಯಿಗೆ ಹೋಯಿತು. ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.

ಎಂಬತ್ತು ದಾಟಿದ ನನ್ನ ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಏಣಿಯವರನ್ನು ಕೂಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ, "ಅತ್ತು ಮುಗೀತಾ?" ಎಂದಳು. ಮುಗಿದಿಲ್ಲ ಎಂದೆ. "ಮುಗಿಸ್ಕೋ. ಆಮೇಲೆ ಹೇಳ್ತೀನಿ." ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು ಹೇಳಿದಳು: "ಡಾಕ್ಟ್ರು ಹೇಳಿದ್ದು ನಂಗೇನ್ ಹೊಸದಲ್ಲ. ನೀನು ಮೂರು ವರ್ಷಕ್ಕೆ ಕೂರಲಿಲ್ಲ, ಐದಕ್ಕೆ ನಿಲ್ಲಲಿಲ್ಲ. ಏನೋ ಒಂದು ಇಲ್ಲ ಅಂತ ನಂಗೆ ಗೊತ್ತಿತ್ತು. ಎಲ್ಲಿ ಇಲ್ಲ ಅಂತ ಗೊತ್ತಿರಲಿಲ್ಲ, ಅಷ್ಟೇ." "ಮತ್ತೆ ಹೇಳಲಿಲ್ಲ ಯಾಕಮ್ಮ?" "ಹೇಳಿದ್ರೆ ನಡೀತಿದ್ಯಾ?"

ಅಮ್ಮ ಮುಂದುವರಿಸಿದಳು. ಬೇರೆ ಮಕ್ಕಳಿಗೆ ನಡಿ ಎಂದರೆ ನಡೆಯುತ್ತಿದ್ದವಂತೆ. ನನಗೆ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಹೇಳಬೇಕಾಗಿತ್ತಂತೆ. ಹಿಮ್ಮಡಿ ಊರು, ಹೆಬ್ಬೆರಳಿಂದ ಗೋಡೆ ಕೇಳು, ಭಾರ ಬಿಡು, ಈಗ ಹಿಂದಿನ ಕಾಲು ಎತ್ತು. ಎರಡು ವರ್ಷ, ಗೋಡೆಯೆತ್ತರಕ್ಕೆ ಮರ ಹಾಸಿದ ಈ ಮನೆಯ ಹಲಗೆಯ ಮೇಲೆ ಒಲೆಬೂದಿಯಲ್ಲಿ ಗೆರೆ ಎಳೆದು ಅದನ್ನೇ ಹೇಳಿದಳಂತೆ. ಮೂಲೆ ಮಾತ್ರ ಏನು ಮಾಡಿದರೂ ಬರಲಿಲ್ಲ. "ಅದಕ್ಕೇ ಎರಡು ಬೆರಳು ಇಡಿಸಿದೆ. ಗೂಟ ಅಲ್ಲಾಡಲ್ಲ, ನೀನು ಅಲ್ಲಾಡ್ತೀಯ ಅಂತ ಬೆರಳಿಗೆ ಗೊತ್ತಾಗ್ಲಿ ಅಂತ. ಊರೋರು ಅದನ್ನ ಮರ್ಯಾದೆ ಅಂದ್ಕೊಂಡ್ರೆ ನಾನೇನ್ ಮಾಡ್ಲಿ?" ಎಂದು ಉಗುಳಿದಳು. ಎಲೆರಸ ನನ್ನ ಪಕ್ಕದ ಹುಂಜದ ಮೇಲೆ ಬಿತ್ತು.

ಹೊರಲು ಬಂದವರು ಕಂಡು ಏಣಿಯವರನ್ನು ಕರೆದರು, ಬಿದ್ದ ಸುದ್ದಿ ಚಾವಡಿಯ ಹಲಗೆಗೆ ಏರಿತು. ಉಗ್ರಪ್ಪ ನನ್ನ ಹೆಸರನ್ನು ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ತಾನೇ ಬರೆದನಂತೆ.

ಅದರ ಮಾರನೆಯ ದಿನ ಜವರಮ್ಮ ಬಂದಳು. ಸಂತೆಕಟ್ಟೆಯಲ್ಲಿ ಹೂ ಮಾರುವ ಹೆಂಗಸು. ಬೆನ್ನಿಗೆ ಮಗಳು ಚೆಲುವಿಯನ್ನು ಕಟ್ಟಿಕೊಂಡಿದ್ದಳು. ಹುಡುಗಿಗೆ ಏಳು ತುಂಬಲು ಇಪ್ಪತ್ತೆರಡು ದಿನ ಇತ್ತು, ಇನ್ನೂ ನಡಿಗೆ ಬಂದಿರಲಿಲ್ಲ. ನನ್ನ ಹತ್ತಿರ ಇದ್ದಾಗ ಶಾಲೆಯ ಬೆಂಚು ಹಿಡಿದು ನಿಲ್ಲುವಷ್ಟಾಗಿತ್ತು. "ಹೊಸ ಮೇಷ್ಟ್ರು ಏನ್ ಕಲಿಸ್ತಾರೆ?" ಎಂದೆ. ಜವರಮ್ಮ ಹಣೆ ಚಚ್ಚಿಕೊಂಡಳು. "ಏನ್ ಕಲಿಸ್ತಾರೆ ಟೀಚರ್, ನಡಿ ಅಂತಾರೆ. ಹೆಂಗೆ ಸಾರ್ ಅಂದ್ರೆ, ನಡೆಯೋ ಹಂಗೆ ಅಂತಾರೆ. ಪಾಪ, ಅವ್ರಿಗೂ ಗೊತ್ತಿಲ್ಲ. ಹುಟ್ಟಿದಾಗಿಂದ ಬಂದ್ಬಿಟ್ಟಿದೆ ಅವ್ರಿಗೆ."

ಆಮೇಲೆ ಮಡಿಲಿನಿಂದ ಒಂದು ಕಂದು ಬಣ್ಣದ ಕವರು ತೆಗೆದಳು. ಮರಿಸ್ವಾಮಿ ಹುಡುಗಿಯನ್ನು ಯಂತ್ರಕ್ಕೆ ಕಳಿಸಿದ್ದನಂತೆ. ನನ್ನ ವಿಷಯದಲ್ಲಿ ಬಾಯಿ ಬಿಟ್ಟು ಬಣ್ಣಗೆಟ್ಟ ಮೇಲೆ ಡಾಕ್ಟರಿಗೆ ಬುದ್ಧಿ ಬಂದಿತ್ತು. ಈಗ ಅವರು ಏನು ಕಂಡರೂ ಹೇಳುತ್ತಿರಲಿಲ್ಲ, ಕವರಿನಲ್ಲಿಟ್ಟು ಅಂಟಿಸಿ ಕೊಡುತ್ತಿದ್ದರು. ಹೊಸ ನಿಯಮದ ಪ್ರಕಾರ ಕವರು ಸಮಿತಿಗೆ ಹೋಗಬೇಕು. ಒಳಗಿನ ಚಿತ್ರದಲ್ಲಿ ಕೊರತೆ ಇದ್ದರೆ ಏಳರ ನಡಿಗೆಯೇ ಬೇಡ, ನೇರ ಬುಟ್ಟಿ. "ಕವರು ಕೈ ಜಾರಿ ಕೆಳಗೆ ಬಿತ್ತು, ಎಮ್ಮೆ ತಿಂತು ಅಂದೆ ಟೀಚರ್." "ನೀನು ಬಿಚ್ಚಿ ನೋಡಿದ್ಯಾ?" "ಇಲ್ಲ. ಗೊತ್ತಾಗೋವರ್ಗೂ ನೀವು ಬಿದ್ದಿರಲಿಲ್ಲ. ಗೊತ್ತಾದ್ಮೇಲೆ ಬಿದ್ರಿ. ಅದಕ್ಕೇ ಬಿಚ್ಚಿಲ್ಲ."

ಈ ಊರಿನ ಸಮಿತಿಯಲ್ಲಿ ಹನ್ನೊಂದು ಜನ ಇದ್ದಾರೆ, ಒಂದು ಯಂತ್ರವೂ ಇದೆ. ಇಷ್ಟು ನೇರವಾದ ಮಾತು ಅಲ್ಲಿಂದ ಯಾವತ್ತೂ ಬಂದದ್ದು ನಾನು ಕೇಳಿಲ್ಲ. ಆದರೆ ನಾನು ಹೇಗೆ ಕಲಿಸಲಿ? ನನಗೇ ನಾಲ್ಕು ಹೆಜ್ಜೆ ನಡೆಯಲು ಎದೆ ನಡುಗುತ್ತಿತ್ತು. ಹಾಗೆಂದು ಹೇಳಿದೆ. ಜವರಮ್ಮ ಹುಡುಗಿಯನ್ನು ಮನೆಯ ಹಲಗೆಯ ಮೇಲೆ ಇಳಿಸಿ ಹೋದಳು. ಚೆಲುವಿ ನನ್ನನ್ನೇ ನೋಡುತ್ತಾ, "ನೀವು ಬಿದ್ರಂತೆ" ಎಂದಳು. ಹೌದು ಎಂದೆ. "ನಾನೂ" ಎಂದಳು. ಒಳಗಿನಿಂದ ಅಮ್ಮ ಒಲೆಬೂದಿಯ ಮೊರ ತಂದು ನನ್ನ ಮುಂದೆ ಇಟ್ಟಳು.

ಆ ಇಪ್ಪತ್ತೆರಡು ದಿನ ಮನೆಯ ಬಾಗಿಲು ಹಾಕಿಕೊಂಡು ಬೂದಿಯ ಗೆರೆಯ ಮೇಲೆ ನಡೆದೆವು, ಹುಡುಗಿ ಮುಂದೆ, ನಾನು ಹಿಂದೆ. ಹಿಮ್ಮಡಿ ಊರು. ಹೆಬ್ಬೆರಳಿಂದ ಕೇಳು. ಭಾರ ಬಿಡು. ನಾನು ಅವಳಿಗೆ ಹೇಳುತ್ತಿದ್ದೆ, ನನ್ನ ಕಾಲು ಕೇಳಿಸಿಕೊಳ್ಳುತ್ತಿತ್ತು. ಹತ್ತನೆಯ ದಿನ ನನಗೊಂದು ಹೊಳೆಯಿತು. ಯಾವುದರಿಂದ ನಡೆಯುತ್ತಿದ್ದೇನೆ ಎಂಬ ಪ್ರಶ್ನೆಗೆ ಉತ್ತರ ಇದೇ, ಈ ಮೂರು ಮಾತು. ಮರಿಸ್ವಾಮಿಗೆ ಹೂಕೋಸು ಇದೆ, ಅವನು ಅದರಿಂದ ನಡೆಯಲಿ. ನನಗೆ ಅಮ್ಮ ಹೇಳಿದ್ದು ಇದೆ. ತಲೆಯ ಹಿಂದಿನ ನೀರು ಆ ದಿನದಿಂದ ಸದ್ದು ಮಾಡಲಿಲ್ಲ. ಆದರೂ ಗೋಡೆ ಏರುವ ಧೈರ್ಯ ಬಂದಿರಲಿಲ್ಲ. ಚೆಲುವಿ ಹಿತ್ತಲ ಗೋಡೆಯ ಮೇಲೆ ನೇರ ನಡೆಯುತ್ತಿದ್ದಳು, ನಾನು ಕಿಟಕಿಯಲ್ಲಿ ಕೂತು ಹೇಳುತ್ತಿದ್ದೆ. ಮೂಲೆ ಮಾತ್ರ ಅವಳಿಗೆ ಎರಡು ಬೆರಳಿಲ್ಲದೆ ಬರಲಿಲ್ಲ. ಹದಿನಾರು ಸಲ ಪ್ರಯತ್ನಿಸಿದೆವು, ಹದಿನಾರು ಸಲವೂ ಅವಳು ಕೋಳಿಗಳ ನಡುವೆ ಕೂತಿದ್ದಳು, ಏಣಿಯವರಿಗೆ ಗೊತ್ತಾಗದಂತೆ ಕಿಟಕಿಯಿಂದ ಸೀರೆ ಇಳಿಬಿಟ್ಟು ಮೇಲೆಳೆದುಕೊಂಡೆವು.

ಏಳರ ನಡಿಗೆಯ ದಿನ ಊರೆಲ್ಲ ಸೇರಿತ್ತು. ಬಾವಿಕಟ್ಟೆಯಿಂದ ಇಪ್ಪತ್ತು ಹೆಜ್ಜೆ, ಅಲ್ಲೊಂದು ಮೂಲೆ, ಸುಣ್ಣ ಬಳಿದ ಗೂಟ, ಅಲ್ಲಿಂದ ಮತ್ತೆ ಇಪ್ಪತ್ತು ಹೆಜ್ಜೆಗೆ ಚಾವಡಿ. ಚಾವಡಿಯ ಮೇಲೆ ಸಮಿತಿ ಕೂತಿತ್ತು. ಮರಿಸ್ವಾಮಿ ಇನ್ನೂರರವರೆಗೆ ಎಣಿಸುತ್ತಾನೆ, ಅಷ್ಟರೊಳಗೆ ಮಗು ಬಂದು ಮುಟ್ಟಬೇಕು. ಅವನ ಪಕ್ಕದಲ್ಲಿ ಒಂದು ಸಣ್ಣ ಬುಟ್ಟಿಯನ್ನು ಆಗಲೇ ತಂದಿಟ್ಟಿದ್ದರು, ಅದಕ್ಕೆ ಮಾವಿನ ತೋರಣ ಕಟ್ಟಿ. ನಾನು ಕೂತಿದ್ದ ಬುಟ್ಟಿಯನ್ನು ಹೊರುವವರು ಬಾವಿಕಟ್ಟೆಯ ಕೊಂಡಿಗೆ ತೂಗು ಹಾಕಿದ್ದರು.

ಚೆಲುವಿ ಹೊರಟಳು. ತುಟಿ ಅಲ್ಲಾಡುತ್ತಿತ್ತು, ಏನು ಹೇಳಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಇಪ್ಪತ್ತು ಹೆಜ್ಜೆ ಬಿಗಿಯಾಗಿ, ಚೆನ್ನಾಗಿ ನಡೆದಳು. ಮೂಲೆಗೆ ಬಂದು ನಿಂತು ಬಲಗೈ ಎತ್ತಿದಳು. "ಮುಟ್ಟಬಾರದು!" ಎಂದು ಮರಿಸ್ವಾಮಿ ಕಿರುಚಿದ. "ಸುಮ್ನೆ ತಿರುಗು! ಎಪ್ಪತ್ತೊಂದು, ಎಪ್ಪತ್ತೆರಡು." ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ಮುಟ್ಟಿದರೆ ಬುಟ್ಟಿ, ಮುಟ್ಟದೆ ತಿರುಗಿದರೆ ನೆಲ, ನೆಲ ಮುಟ್ಟಿದರೂ ಬುಟ್ಟಿ. ಅವಳು ಹಿಂದೆ ತಿರುಗಿ ನೋಡಲಾರಳು, ಆದರೆ ಅವಳ ಬೆನ್ನು ನನ್ನನ್ನೇ ನೋಡುತ್ತಿತ್ತು.

ನಾನು ಬುಟ್ಟಿಯಿಂದ ಎದ್ದೆ. ಹೊರುವವರಲ್ಲಿ ಒಬ್ಬ "ಟೀಚರ್, ಬ್ಯಾಡಿ, ಬಿದ್ದೀರ" ಎಂದ. ಬೀಳುವ ಭಯ ನನಗೂ ಇತ್ತು. ಹಿಮ್ಮಡಿ ಊರು ಎಂದೆ, ಗಟ್ಟಿಯಾಗಿಯೇ ಅಂದೆ, ಊರೆಲ್ಲ ಕೇಳಲಿ ಎಂದು. ಹೆಬ್ಬೆರಳಿಂದ ಕೇಳು. ಭಾರ ಬಿಡು. ನನ್ನ ತೊದಲು ಮಾತು ಬಾವಿಯೊಳಗೆ ಮೊಳಗಿ ಬಂತು. ಒಂದು, ಎರಡು, ಹತ್ತು, ಹತ್ತೊಂಬತ್ತು ಹೆಜ್ಜೆ. ಚೆಲುವಿಯ ಬೆನ್ನ ಹಿಂದೆ ಬಂದು ನಿಂತಾಗ ಮರಿಸ್ವಾಮಿ ನೂರಾ ಹತ್ತು ದಾಟಿದ್ದ.

ಉಗ್ರಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಏನಿದು, ಆಟ ಆಡ್ತಿದೀರಾ? ನಿಲ್ಸಿ ಇದನ್ನ!" ಎನ್ನುತ್ತಾ ಚಾವಡಿಯಿಂದ ಇಳಿದು ಗೋಡೆಯ ಮೇಲೆ ನಮ್ಮ ಕಡೆಗೇ ಧಾವಿಸಿದ. ಹದಿನೆಂಟು, ಹತ್ತೊಂಬತ್ತು ಹೆಜ್ಜೆ. ಮೂಲೆ ಬಂತು. ಅವನು ಬೈಯುತ್ತಲೇ ಇದ್ದ. ಬೈಯುತ್ತಲೇ ನಿಂತ. ಬೈಯುತ್ತಲೇ ಅವನ ಬಲಗೈ ತಾನಾಗಿ ಮುಂದೆ ಬಂದು ಎರಡು ಬೆರಳನ್ನು ಗೂಟದ ಮೇಲೆ ಇಟ್ಟಿತು. ಇಪ್ಪತ್ತೈದು ವರ್ಷದ ಹಿಂದೆ ನಾನೇ ಹಿಡಿದು ಇಡಿಸಿದ ಬೆರಳುಗಳು.

"ಅಧ್ಯಕ್ಷರು ಮುಟ್ಟಿದ್ರು" ಎಂದಳು ಚೆಲುವಿ. ಅವಳು ಮೆಲ್ಲಗೇ ಅಂದದ್ದು, ಆದರೆ ಊರು ಅಷ್ಟು ಮೌನವಾಗಿತ್ತು. ಉಗ್ರಪ್ಪ ತನ್ನ ಬೆರಳು ನೋಡಿಕೊಂಡ. ಸುಣ್ಣ ಹತ್ತಿ ಬೆಳ್ಳಗಾಗಿದ್ದವು. ಯಾರೋ ಹೆಂಗಸು ಕಿಸಕ್ಕೆಂದಳು. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಕೈಗಳನ್ನು ಸೆರಗಿನಲ್ಲಿ, ಪಂಚೆಯಲ್ಲಿ ಮುಚ್ಚಿಕೊಳ್ಳುವುದು ಕಂಡಿತು. ಬರುವಾಗ ಯಾರೂ ನೋಡದ ಮೂಲೆಗಳಲ್ಲಿ ಅರ್ಧ ಊರು ಗೂಟ ಮುಟ್ಟಿಕೊಂಡೇ ಬಂದಿತ್ತು.

"ಉಗ್ರ" ಎಂದೆ. ಅವನು ಅಧ್ಯಕ್ಷನಾದ ಮೇಲೆ ಹಾಗೆ ಕರೆದಿರಲಿಲ್ಲ. "ಎದುರಿಗೆ ದೊಡ್ಡವರು ಬಂದ್ರೆ ಏನ್ ಮಾಡ್ಬೇಕು?" ಅವನು ಒಂದು ಹೆಜ್ಜೆ ಹಿಂದೆ ಸರಿದು ಕುಕ್ಕರಗಾಲಿನಲ್ಲಿ ಕೂತ. "ಬೆರಳಿಡು ಮಗಾ" ಎಂದೆ ಚೆಲುವಿಗೆ. ಅವಳು ಎರಡು ಬೆರಳು ಇಟ್ಟಳು, ಒಂದು ಉಸಿರು ಬಿಟ್ಟಳು, ತಿರುಗಿದಳು. ಎದುರಿಗೆ ಅಧ್ಯಕ್ಷರು ಗುಡ್ಡೆಯಾಗಿ ಕೂತಿದ್ದರು, ದಾಟಲು ಹುಡುಗಿಯ ಕಾಲು ಚಿಕ್ಕದು. ನೂರಾ ಐವತ್ತು ಎಂದ ಮರಿಸ್ವಾಮಿ, ಆದರೆ ಈಗ ನಿಧಾನವಾಗಿ, ಬಹಳ ನಿಧಾನವಾಗಿ ಎಣಿಸುತ್ತಿದ್ದ. ಪಾಪ, ಕೆಟ್ಟವನಲ್ಲ ಅವನು. ಚೆಲುವಿ ಉಗ್ರಪ್ಪನ ಮಂಡಿಯ ಮೇಲೆ ಒಂದು ಕಾಲಿಟ್ಟಳು, ಹಿಮ್ಮಡಿ ಊರು ಎಂದಳು. ಹೆಗಲ ಮೇಲೆ ಇನ್ನೊಂದು ಕಾಲಿಟ್ಟು ಭಾರ ಬಿಡು ಎಂದಳು. ತಲೆ ಹಿಡಿದುಕೊಂಡು ಆಚೆ ಇಳಿದಳು. ಅಲ್ಲಿಂದ ಚಾವಡಿಯವರೆಗೆ ಇಪ್ಪತ್ತು ಹೆಜ್ಜೆ ನಾನು ಎಣಿಸಲಿಲ್ಲ, ನನ್ನ ಕಣ್ಣು ಮಂಜಾಗಿತ್ತು. ಜವರಮ್ಮ ಕೂಗಿಕೊಂಡಾಗಲೇ ಗೊತ್ತಾದದ್ದು, ಮುಟ್ಟಿದಳು ಎಂದು.

ಸಮಿತಿ ತಪ್ಪಾಯಿತು ಎನ್ನಲಿಲ್ಲ, ಎನ್ನುವ ಪದ್ಧತಿಯೂ ಇಲ್ಲ. ಎಂಟು ದಿನ ಸಭೆ ನಡೆಸಿ ಎರಡು ನಿರ್ಣಯ ಮಾಡಿದರು. ಗೂಟ ಮುಟ್ಟುವ ಪದ್ಧತಿಯು ಅಕ್ಕಯ್ಯಮ್ಮನಿಗಿಂತ ಬಹಳ ಪುರಾತನವಾದದ್ದೆಂದು ಹಿರಿಯರಿಂದ ತಿಳಿದುಬಂದಿರುವುದರಿಂದ ಅದು ಮುಂದುವರಿಯತಕ್ಕದ್ದು ಎಂಬುದು ಒಂದು. ಅಕ್ಕಯ್ಯಮ್ಮನವರ ಚಿತ್ರವು ಅಪೂರ್ಣವಾಗಿ ಮೂಡಿರುವುದರಿಂದ ಅದನ್ನು ಸರಿಪಡಿಸತಕ್ಕದ್ದು ಎಂಬುದು ಇನ್ನೊಂದು. ಡಾಕ್ಟರ್ ಪದ್ಮರಾಜಯ್ಯ ಬಹಳ ಹೊತ್ತು ಯೋಚಿಸಿ, ಖಾಲಿ ಜಾಗವನ್ನು ಪೆನ್ಸಿಲ್ಲಿನಿಂದ ತುಂಬಿದರು. ಆ ಚಿತ್ರ ಈಗ ಚಾವಡಿಯಲ್ಲಿ ಮರಿಸ್ವಾಮಿಯ ಚಿತ್ರದ ಪಕ್ಕದಲ್ಲಿದೆ, ನೋಡಿದವರು ಅವನದಕ್ಕಿಂತ ನನ್ನದೇ ದಟ್ಟವಾಗಿದೆ ಎನ್ನುತ್ತಾರೆ. ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಮರಿಸ್ವಾಮಿಯೂ ಬರುತ್ತಾನೆ, ಹಿಂದಿನ ಸಾಲಿನಲ್ಲಿ ಕೂತು, ಹಿಮ್ಮಡಿಯ ನಂತರ ಏನು ಎಂದು ಬರೆದುಕೊಳ್ಳುತ್ತಾನೆ.

ಜವರಮ್ಮನ ಕವರು ನನ್ನ ಹತ್ತಿರವೇ ಉಳಿಯಿತು. ಮೊನ್ನೆ ಅಮ್ಮ ಅದನ್ನು ಎಲೆಅಡಿಕೆಯ ಪೆಟ್ಟಿಗೆಯಡಿ ನೋಡಿ, "ಇದನ್ಯಾಕೆ ಇಟ್ಕೊಂಡಿದೀಯ? ಒಲೆಗೆ ಹಾಕು" ಎಂದಳು. ಒಲೆಯ ತನಕ ಹೋದೆ. ಒಳಗೆ ಏನಿದೆಯೋ ನನಗೂ ಗೊತ್ತಿಲ್ಲ. ಹೂಕೋಸಿರಬಹುದು, ನೀರಿರಬಹುದು. ಏನೇ ಇದ್ದರೂ ಅದು ಚೆಲುವಿಯದು, ಸುಡುವ ಹಕ್ಕು ನನಗಿಲ್ಲ. ಎಲ್ಲಿ ಇಲ್ಲ ಎಂದು ತಿಳಿದುಕೊಳ್ಳುವುದು ತಪ್ಪಲ್ಲ, ನಡೆಯಲು ಕಲಿತ ಮೇಲೆ ತಿಳಿದರೆ ಸಾಕು. ಅದಕ್ಕೇ ಕವರನ್ನು ವಾಪಸು ತಂದು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ: ಚೆಲುವಿ. ನಲವತ್ತಾರು ತುಂಬಿದ ಮೇಲೆ ಬಿಚ್ಚುವುದು.